ರಕ್ತದಲ್ಲಿ ಬಂತಾ, ಮನೆಯಲ್ಲಿ ಬಂತಾ? ತಲೆಮಾರು ದಾಟುವ ಆಘಾತದ ಒಳಹೊರಗು

2025ರ ಫೆಬ್ರವರಿಯಲ್ಲಿ ಸಿರಿಯಾದ ನಿರಾಶ್ರಿತ ಕುಟುಂಬಗಳ ಬಗ್ಗೆ ಒಂದು ಸಂಶೋಧನೆ ಪ್ರಕಟವಾಯಿತು. ಹಿಂಸೆ ಕಂಡ ಅಜ್ಜಿಯರ ಮೊಮ್ಮಕ್ಕಳ ಡಿಎನ್‌ಎ ಮೇಲೂ ಆ ಹಿಂಸೆಯ ಗುರುತು ಸಿಕ್ಕಿದೆ ಅನ್ನುವುದು ಅದರ ಸಾರ. ಬಂದಿದ್ದು ‘ಸೈಂಟಿಫಿಕ್ ರಿಪೋರ್ಟ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ. ಅಲ್ಲಿಂದ ಸುದ್ದಿಗೆ, ಸುದ್ದಿಯಿಂದ ರೀಲ್ಸ್‌ಗೆ, ರೀಲ್ಸ್‌ನಿಂದ ವಾಟ್ಸ್ಆ್ಯಪ್‌ಗೆ ಇಳಿಯುವಷ್ಟರಲ್ಲಿ ಉಳಿದದ್ದು ಒಂದೇ ಮಾತು: ಹಿರಿಯರ ನೋವು ಜೀನ್‌ನಲ್ಲೇ ಬರುತ್ತದೆ.

ಇಂಥ ಮಾತು ಹಾಸನದಲ್ಲಿ ಸುಮ್ನೆ ಬಂದು ಹೋಗುವುದಿಲ್ಲ. ಅದೇ 2025ರ ಜೂನ್, ಜುಲೈನಲ್ಲಿ ಹೃದಯಾಘಾತದ ಸುದ್ದಿಗಳು ಜಿಲ್ಲೆಯನ್ನು ಹೇಗೆ ಕಂಗೆಡಿಸಿದವು ಅಂತ ನೆನಪಿದೆಯಲ್ಲ. ಆರಾಮಾಗಿದ್ದವರೂ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತರು. ಸಾವುಗಳು ಅಸಹಜವಾಗಿ ಹೆಚ್ಚಿಲ್ಲ ಎಂದು ತಜ್ಞರ ಸಮಿತಿ ಹೇಳುವ ಹೊತ್ತಿಗೆ ಭಯ ಮನೆಮನೆ ಮುಟ್ಟಿಯಾಗಿತ್ತು.

ಇನ್ನೊಂದು ಕಾರಣವೂ ಇದೆ. ಹೆಣ್ಣು ಗಂಡು ನೋಡುವಾಗ “ಅವರ ಮನೆತನದಲ್ಲಿ ಯಾರಿಗಾದ್ರೂ ತಲೆ ಸರಿ ಇರ್ಲಿಲ್ವಾ” ಅಂತ ಮೂರನೆಯವರ ಹತ್ತಿರ ವಿಚಾರಿಸುವುದು ನಮ್ಮಲ್ಲಿ ಹಳೇ ರೂಢಿ. ಹಾಗೆ ವಿಚಾರಿಸುವವರ ಪರ ಈಗ ವಿಜ್ಞಾನವೇ ಸಾಕ್ಷಿ ನುಡಿಯಿತು ಅಂತಾದರೆ ಕಷ್ಟ. ಆದ್ದರಿಂದ ಆ ಸಂಶೋಧನೆಯಲ್ಲಿ ಏನಿದೆ, ಏನಿಲ್ಲ ಅಂತ ನಿಧಾನವಾಗಿ ನೋಡೋಣ.

ಸಿರಿಯಾದ ಅಧ್ಯಯನ ಹೇಳಿದ್ದೇನು

ಇದನ್ನು ಮಾಡಿದವರು ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಕಾನಿ ಮುಲಿಗನ್, ಜೋರ್ಡನ್‌ನ ಜೀವವಿಜ್ಞಾನಿ ರಾನಾ ದಜಾನಿ ಮತ್ತು ಸಂಗಡಿಗರು. 48 ಕುಟುಂಬಗಳ 131 ಜನರ ಕೆನ್ನೆಯ ಒಳಗಿಂದ ಜೀವಕೋಶಗಳನ್ನು ಸವರಿ ತೆಗೆದು ಪರೀಕ್ಷಿಸಿದರು.

ಕುಟುಂಬಗಳಲ್ಲಿ ಮೂರು ಗುಂಪು. ಮೊದಲನೆಯದು, 1980ರ ದಶಕದ ಆರಂಭದಲ್ಲಿ ಹಮಾ ನಗರದ ಮೇಲೆ ಸರ್ಕಾರವೇ ದಾಳಿ ಮಾಡಿದ ಕಾಲದಲ್ಲಿ ಗರ್ಭಿಣಿಯಾಗಿದ್ದ ಅಜ್ಜಿಯರ ಸಂತಾನ. ಎರಡನೆಯದು, 2011ರ ನಂತರದ ಯುದ್ಧ ಕಂಡವರು. ಮೂರನೆಯದು, ಈ ಎರಡಕ್ಕೂ ಮೊದಲೇ ಜೋರ್ಡನ್‌ಗೆ ಬಂದು ನೆಲೆಸಿದ ಸಿರಿಯಾದವರು. ಈ ಮೂರನೇ ಗುಂಪು ಇದ್ದದ್ದು ಹೋಲಿಕೆಗೆ.

ಹಿಂಸೆಯನ್ನು ತಾವೇ ಕಂಡವರ ಡಿಎನ್‌ಎಯಲ್ಲಿ 21 ಕಡೆ ವ್ಯತ್ಯಾಸ ಸಿಕ್ಕಿತು. ಹಮಾ ಅಜ್ಜಿಯರ ಮೊಮ್ಮಕ್ಕಳಲ್ಲಿ 14 ಕಡೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಹಿಂಸೆಗೆ ಸಿಕ್ಕ ಮಕ್ಕಳ ಜೀವಕೋಶಗಳು ವಯಸ್ಸಿಗೆ ಮೀರಿ ಬೇಗ ಮುಪ್ಪಾಗುತ್ತಿರುವ ಲಕ್ಷಣವೂ ಕಂಡಿತು.

ಇಷ್ಟು ನಿಜ. ಆದರೆ ನೋಡಿದ್ದು ಲಕ್ಷಾಂತರ ಜಾಗಗಳನ್ನು, ಸಿಕ್ಕಿದ್ದು 14. ಆ 14 ಗುರುತುಗಳಿಂದ ಮೊಮ್ಮಕ್ಕಳಿಗೆ ಭಯ, ಖಿನ್ನತೆ, ಇನ್ಯಾವುದೇ ಕಾಯಿಲೆ ಬಂದಿದೆ ಅಂತ ಅಧ್ಯಯನ ತೋರಿಸಿಲ್ಲ. ಗುರುತು ಇದೆ ಅನ್ನುವುದಕ್ಕೂ ಗಾಯ ಇದೆ ಅನ್ನುವುದಕ್ಕೂ ಬಹಳ ದೂರ. ರೀಲ್ಸ್ ಈ ದೂರವನ್ನು ಮೂವತ್ತು ಸೆಕೆಂಡಿನಲ್ಲಿ ದಾಟಿಬಿಟ್ಟಿತು.

ಪಹಣಿಯ 11ನೇ ಕಾಲಂ

‘ಜೀನ್ ಬದಲಾಯಿತು’ ಅನ್ನುವುದೇ ಇಲ್ಲಿ ದೊಡ್ಡ ತಪ್ಪು. ಸಿರಿಯಾದ ಮೊಮ್ಮಕ್ಕಳ ಜೀನ್ ಬದಲಾಗಿಲ್ಲ. ಜೀನ್ ಮೇಲೆ ಅಂಟಿಕೊಳ್ಳುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಲ್ಲಿ ವ್ಯತ್ಯಾಸವಾಗಿದೆ. ಈ ಗುರುತುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಅನ್ನುತ್ತಾರೆ.

ಜಮೀನಿನ ಪಹಣಿ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾದೀತು. ಸರ್ವೆ ನಂಬರ್ ಅದೇ, ವಿಸ್ತೀರ್ಣ ಅದೇ, ಮಣ್ಣೂ ಅದೇ. ಆದರೆ 11ನೇ ಕಾಲಂನಲ್ಲಿ ಬ್ಯಾಂಕಿನ ಋಣ ನಮೂದಾದರೆ ಆ ಜಮೀನನ್ನು ಮೊದಲಿನ ಹಾಗೆ ಬಳಸಲು ಆಗಲ್ಲ. ಸಾಲ ತೀರಿದರೆ ನಮೂದು ಹೋಗುತ್ತದೆ. ಮೀಥೈಲ್ ಗುರುತೂ ಹೀಗೆಯೇ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದಕ್ಕೆ ತಡೆ ಹಾಕುತ್ತದೆ ಅಥವಾ ತಡೆ ತೆಗೆಯುತ್ತದೆ. ಊಟ, ನಿದ್ದೆ, ಹೊಗೆ, ಒತ್ತಡ, ವಯಸ್ಸು ಎಲ್ಲಕ್ಕೂ ಇದು ಬದಲಾಗುತ್ತಲೇ ಇರುತ್ತದೆ.

ಮುಖ್ಯ ವಿಷಯ ಇನ್ನೊಂದಿದೆ. ಮನುಷ್ಯರಲ್ಲಿ ಇಂಥ ಗುರುತುಗಳು ಬಹುಪಾಲು ಎರಡು ಸಲ ಅಳಿಸಿ ಹೋಗುತ್ತವೆ. ಅಂಡ, ವೀರ್ಯಾಣುಗಳ ಮೂಲಕೋಶಗಳು ರೂಪುಗೊಳ್ಳುವಾಗ ಒಮ್ಮೆ, ಗರ್ಭ ಕಟ್ಟಿದ ಹೊಸತರಲ್ಲಿ ಇನ್ನೊಮ್ಮೆ. ಹಾಗಿದ್ದೂ ಕೆಲವು ಉಳಿದು ಮುಂದಕ್ಕೆ ಹೋಗುತ್ತವಾ? ವಿಜ್ಞಾನಿಗಳ ಜಗಳ ಇರುವುದು ಈ ಪ್ರಶ್ನೆಯ ಮೇಲೆ.

ಗರ್ಭದ ಲೆಕ್ಕ ಬೇರೆ, ವಂಶದ ಲೆಕ್ಕ ಬೇರೆ

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳು ತುಂಬುವ ಹೊತ್ತಿಗೆ ಅದರ ಜೀವಮಾನದ ಅಂಡಗಳೆಲ್ಲ ಅದರೊಳಗೆ ಬಂದಾಗಿರುತ್ತವೆ. ಅಂದರೆ ಹಮಾದಲ್ಲಿ ಗುಂಡಿನ ಸದ್ದು ಕೇಳಿದ ಒಬ್ಬ ಗರ್ಭಿಣಿಯೊಳಗೆ ಮಗಳೂ ಇದ್ದಳು, ಮುಂದೆ ಮೊಮ್ಮಗಳಾಗುವ ಅಂಡವೂ ಇತ್ತು. ಅಜ್ಜಿಯ ಮೈಯಲ್ಲಿ ಏರಿದ ಒತ್ತಡದ ಹಾರ್ಮೋನು ಮೂರು ತಲೆಮಾರನ್ನೂ ಒಂದೇ ಸಲ ಮುಟ್ಟಿರಬಹುದು. ಹಾಗಾಗಿ ಮೊಮ್ಮಗಳಲ್ಲಿ ಸಿಕ್ಕ ಗುರುತು ‘ದಾಟಿ ಬಂದದ್ದು’ ಅಂತ ಖಚಿತವಾಗಿ ಹೇಳಲಾಗದು. ನೇರವಾಗಿ ತಾಗಿದ್ದೂ ಇರಬಹುದು. ವಂಶವಾಹಿಯಾಗಿಯೇ ಬಂತು ಅನ್ನಬೇಕಾದರೆ ಮರಿಮಕ್ಕಳಲ್ಲಿ ನೋಡಬೇಕು.

ಗರ್ಭದ ಮೇಲಿನ ಪರಿಣಾಮಕ್ಕೆ ಮಾತ್ರ ಪುರಾವೆ ಗಟ್ಟಿ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಜರ್ಮನ್ ಪಡೆಗಳು ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ತಡೆದವು. ದಿನದ ಪಡಿತರ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ಹಸಿವಿನ ತಿಂಗಳುಗಳಲ್ಲಿ ಗರ್ಭ ಕಟ್ಟಿ ಹುಟ್ಟಿದವರನ್ನು ಆರು ದಶಕದ ನಂತರ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನ್ ಮೇಲೆ ಮೀಥೈಲ್ ಗುರುತು ಕಡಿಮೆ ಇತ್ತು. ಹೋಲಿಸಿದ್ದು ಬರ ಕಾಣದ ಅವರದೇ ಒಡಹುಟ್ಟಿದವರ ಜೊತೆ. ಅದಕ್ಕೇ ಈ ಅಧ್ಯಯನದ ತೂಕ ಜಾಸ್ತಿ.

ಇಲಿಗಳ ಎರಡು ಪ್ರಯೋಗ, ಎರಡು ದಾರಿ

2013ರ ಕೊನೆಗೆ ಅಮೆರಿಕದ ಬ್ರಯನ್ ಡಯಸ್, ಕೆರಿ ರೆಸ್ಲರ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಬಹಳ ಸದ್ದು ಮಾಡಿತು. ಗಂಡಿಲಿಗಳಿಗೆ ಒಂದು ವಾಸನೆ ತೋರಿಸಿ ಕಾಲಿಗೆ ಸಣ್ಣ ಕರೆಂಟ್ ಶಾಕ್ ಕೊಟ್ಟರು. ಆ ವಾಸನೆಯನ್ನು ಎಂದೂ ಮೂಸದ ಮರಿಗಳು, ಮರಿಗಳ ಮರಿಗಳು ಕೂಡ ಅದಕ್ಕೆ ಜಾಸ್ತಿ ಬೆಚ್ಚಿದವು. ವೀರ್ಯದ ಮೂಲಕವೇ ಏನೋ ದಾಟಿದೆ ಅನ್ನುವವರಿಗೆ ಇದು ದೊಡ್ಡ ಬಲ.

ಅದಕ್ಕೂ ಮೊದಲು, 2004ರಲ್ಲಿ, ಕೆನಡಾದ ಮೈಕಲ್ ಮೀನಿ ತಂಡ ಬೇರೆ ಜಾತಿಯ ಇಲಿಗಳಲ್ಲಿ ಬೇರೆಯದನ್ನೇ ತೋರಿಸಿತ್ತು. ತನ್ನ ಮರಿಯನ್ನು ಚೆನ್ನಾಗಿ ನೆಕ್ಕಿ ಆರೈಕೆ ಮಾಡುವ ತಾಯಿಯ ಮರಿಗಳು ದೊಡ್ಡವಾದ ಮೇಲೆ ಅಷ್ಟಾಗಿ ಹೆದರುತ್ತಿರಲಿಲ್ಲ. ಆರೈಕೆ ಕಡಿಮೆ ಇದ್ದವು ಸಣ್ಣದಕ್ಕೂ ಬೆಚ್ಚುತ್ತಿದ್ದವು. ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿ ಬಿಟ್ಟರು. ಮರಿ ಹೋಲಿದ್ದು ಹೆತ್ತವಳನ್ನಲ್ಲ, ಸಾಕಿದವಳನ್ನು. ಮೀಥೈಲ್ ಗುರುತೂ ಸಾಕಿದವಳನ್ನೇ ಅನುಸರಿಸಿತು.

ಈ ಎರಡನೇ ಪ್ರಯೋಗಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ. ‘ವೀರ್ಯದಲ್ಲಿ ಬಂದ ಭಯ’ ಅನ್ನುವಷ್ಟು ರೋಚಕ ಅಲ್ಲವಲ್ಲ, ಅದಕ್ಕೇ ಇರಬೇಕು.

ಒಪ್ಪದವರ ವಾದ

ನಾಜಿಗಳ ಶಿಬಿರಗಳಿಂದ ಬದುಕಿ ಬಂದವರ ಮಕ್ಕಳಲ್ಲಿ ಏನೋ ತೊಂದರೆ ಕಾಣುತ್ತಿದೆ ಎಂದು ಕೆನಡಾದ ಮನೋವೈದ್ಯ ವಿವಿಯನ್ ರಾಕಾಫ್ 1966ರಲ್ಲೇ ಬರೆದಿದ್ದರು. ಈ ಚರ್ಚೆಯ ಬೇರು ಅಲ್ಲಿದೆ. 2015ರಲ್ಲಿ ನ್ಯೂಯಾರ್ಕ್‌ನ ರೇಚಲ್ ಯೆಹೂಡ ತಂಡ ಅಂಥ 32 ಜನ ಮತ್ತು ಅವರ 22 ಮಕ್ಕಳಲ್ಲಿ ಒತ್ತಡಕ್ಕೆ ಸಂಬಂಧಿಸಿದ ಒಂದೇ ಜೀನ್‌ನ ಒಂದೇ ಜಾಗದಲ್ಲಿ ವ್ಯತ್ಯಾಸ ಕಂಡಿತು. ಆದರೆ ಅಪ್ಪ ಅಮ್ಮಂದಿರಲ್ಲಿ ಗುರುತು ಹೆಚ್ಚಿದ್ದರೆ ಮಕ್ಕಳಲ್ಲಿ ಕಡಿಮೆ ಇತ್ತು. ತಲೆಮಾರಿಂದ ತಲೆಮಾರಿಗೆ ಅದೇ ಗುರುತು ನಕಲಾಗಿ ಬಂದಿದ್ದರೆ ಹೀಗೆ ಉಲ್ಟಾ ಆಗಬಾರದಿತ್ತು. ಗುಂಪೂ ತೀರಾ ಚಿಕ್ಕದು. ಟೀಕೆ ಬಂತು.

ಇನ್ನೂ ಬಲವಾದ ಉತ್ತರ 2003ರದು. ನೆದರ್ಲೆಂಡ್ಸ್ ಮತ್ತು ಇಸ್ರೇಲ್‌ನ ಸಂಶೋಧಕರು ಆವರೆಗಿನ 32 ಗುಂಪುಗಳ, 4,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಮಾಡಿ ನೋಡಿದರು. ಚಿಕಿತ್ಸೆಗೆ ಬಂದವರನ್ನು ಬಿಟ್ಟು ಸಾಮಾನ್ಯ ಜನರ ನಡುವಿಂದ ಆರಿಸಿದ ಗುಂಪುಗಳಲ್ಲಿ, ಬದುಕುಳಿದವರ ಮಕ್ಕಳು ಉಳಿದವರಿಗಿಂತ ಹೆಚ್ಚು ಮಾನಸಿಕ ತೊಂದರೆಯಲ್ಲಿದ್ದರು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಅಷ್ಟು ದೊಡ್ಡ ಕ್ರೌರ್ಯದ ನಂತರವೂ ಬಹಳಷ್ಟು ಮನೆಗಳು ಮಕ್ಕಳನ್ನು ಸರಿಯಾಗಿಯೇ ಬೆಳೆಸಿದವು. ಆಘಾತ ದಾಟಲೇಬೇಕು ಅನ್ನುವ ನಿಯಮ ಇಲ್ಲ.

ಹಾಗಂತ ಏನೂ ದಾಟುವುದಿಲ್ಲ ಅಂತಲೂ ಅಲ್ಲ. ದಾಟುತ್ತದೆ. ಆದರೆ ಅದರ ಬಹುಪಾಲು ಹೋಗುವುದು ಸೂಕ್ಷ್ಮದರ್ಶಕ ಇಲ್ಲದೆಯೇ ಕಾಣುವ ದಾರಿಯಲ್ಲಿ. ಹಾಸನ ಜಿಲ್ಲೆಯನ್ನೇ ನೋಡಿದರೆ ಸಾಕು.

ಮನೆಯೊಳಗಿನ ದಾರಿ

ಆಲೂರು, ಸಕಲೇಶಪುರದ ಕಡೆ ಕಾಡಾನೆ ದಾಳಿಯಲ್ಲಿ ಯಜಮಾನನನ್ನು ಕಳೆದುಕೊಂಡ ಕೂಲಿಯವರ ಮನೆ ಅಂದುಕೊಳ್ಳಿ. ಬೆಳಗ್ಗೆ ತೋಟದ ಕೆಲಸಕ್ಕೆ ಹೋದವರು ವಾಪಸ್ ಬರಲಿಲ್ಲ. ಮಗುವಿಗೆ ಆಗ ಒಂದು ವರ್ಷ, ಅದಕ್ಕೆ ಏನೂ ನೆನಪಿಲ್ಲ. ಆದರೆ ಅಮ್ಮನಿಗೆ ಎಲ್ಲ ನೆನಪಿದೆ. ಸಂಜೆ ಆರಾದರೆ ಬಾಗಿಲಿಗೆ ಚಿಲಕ. ಅರಣ್ಯ ಇಲಾಖೆಯ ಮೆಸೇಜ್ ಬಂದರೆ ನಾಳೆ ಸ್ಕೂಲ್ ಬೇಡ. ಹಿತ್ತಲಲ್ಲಿ ಕೊಂಬೆ ಮುರಿದ ಸದ್ದಾದರೆ ಅಮ್ಮ ಮಗುವಿನ ಕೈ ಗಟ್ಟಿ ಹಿಡಿಯುತ್ತಾಳೆ. ಆ ಹಿಡಿತದಿಂದಲೇ ಮಗು ಭಯ ಕಲಿಯುತ್ತದೆ. ಹತ್ತು ವರ್ಷಕ್ಕೆ ಆ ಹುಡುಗ ಕತ್ತಲಾದರೆ ಹೊರಗೆ ಹೋಗಲ್ಲ, ಪುಸ್ತಕದ ಮುಂದೆ ಕೂತರೂ ಗಮನ ನಿಲ್ಲಲ್ಲ. “ಅವರಪ್ಪ ಹೋದಾಗಿಂದ ಹಿಂಗೇ” ಅನ್ನುತ್ತಾರೆ ಊರವರು. ಜೀನ್ ಇಲ್ಲದೆಯೂ ಈ ಕಥೆ ಪೂರ್ತಿಯಾಗುತ್ತದೆ.

ಎರಡನೇ ದಾರಿ ಕುಡಿತ, ಹೊಡೆತ. 1998ರಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡ ಪ್ರಕಟಿಸಿದ ಅಧ್ಯಯನ 9,500 ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿತ್ತು. ಹೊಡೆತ, ಮನೆಯಲ್ಲಿ ಕುಡಿತ, ತಾಯಿಗೆ ಹಿಂಸೆ, ಮನೆಯವರ ಮಾನಸಿಕ ಕಾಯಿಲೆ ಇಂಥವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಕಂಡವರಿಗೆ, ಏನೂ ಕಾಣದವರಿಗಿಂತ, ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ಹೃದಯದ ಕಾಯಿಲೆಯೂ ಹೆಚ್ಚು. ನೋವು ಮರೆಯಲು ಅಪ್ಪ ಕುಡಿಯುತ್ತಾನೆ, ಕುಡಿದ ಅಪ್ಪನೇ ಮಗನ ನೋವಾಗುತ್ತಾನೆ. ತೋಟದ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಗಳಲ್ಲಿ ಒಂದು ಗೋಡೆಯಾಚೆ ಇನ್ನೊಂದು ಸಂಸಾರ ಇರುವುದರಿಂದ ಇದು ಒಬ್ಬರ ಮನೆಯ ವಿಷಯವಾಗಿಯೂ ಉಳಿಯುವುದಿಲ್ಲ.

ಮೂರನೆಯದು ಮೌನ. ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ರೈತನ ಮನೆಯ ಪಾಡು ವಿಚಿತ್ರ. ಪರಿಹಾರ ಸಿಗಬೇಕಾದರೆ ಅದು ಆತ್ಮಹತ್ಯೆ, ಕಾರಣ ಕೃಷಿ ಸಾಲ ಅಂತ ಕಚೇರಿಯಲ್ಲಿ ದಾಖಲೆ ಸಮೇತ ಒಪ್ಪಿಸಬೇಕು. 2015ರಲ್ಲಿ ರಾಜ್ಯ ಸರ್ಕಾರ ಆ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು. ಅದೇ ಮನೆ ಮಗಳ ಮದುವೆ ಮಾತಿನಲ್ಲಿ “ಎದೆನೋವು ಬಂದು ಹೋದರು” ಅನ್ನಬೇಕಾಗುತ್ತದೆ. ಕಚೇರಿಗೆ ಒಂದು, ನೆಂಟರಿಗೆ ಒಂದು. ಮಕ್ಕಳು ಎರಡನ್ನೂ ಕೇಳಿಸಿಕೊಳ್ಳುತ್ತವೆ, ಯಾರನ್ನೂ ಕೇಳುವ ಹಾಗಿಲ್ಲ. ಹೇಳದೇ ಉಳಿದ ಸಾವಿಗೆ ಮಗು ತಾನೇ ಕಾರಣ ಕಟ್ಟಿಕೊಳ್ಳುತ್ತದೆ. ಎಷ್ಟೋ ಸಲ ಆ ಕಾರಣ ತಾನೇ ಅಂದುಕೊಳ್ಳುತ್ತದೆ.

ಆನೆಯ ವಿಷಯ ಬಂತಲ್ಲ, ಅವುಗಳ ಕಥೆಯನ್ನೂ ಹೇಳಿಬಿಡಬೇಕು. ದಕ್ಷಿಣ ಆಫ್ರಿಕಾದಲ್ಲಿ ಸಂಖ್ಯೆ ಇಳಿಸಲೆಂದು ದೊಡ್ಡ ಆನೆಗಳನ್ನು ಕೊಂದು, ಉಳಿದ ಅನಾಥ ಮರಿಗಳನ್ನು ಪಿಲಾನೆಸ್‌ಬರ್ಗ್ ಎಂಬ ಕಾಡಿಗೆ ಬಿಟ್ಟರು. ಅವು ಬೆಳೆದು ಪುಂಡಾದವು. 1990ರ ದಶಕದಲ್ಲಿ 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆ ಹುಡುಗರ ಮದ ಇಳಿಯಿತು, ಕೊಲ್ಲುವುದು ನಿಂತಿತು. ನಮ್ಮ ಆಲೂರು ಭಾಗದಿಂದಲೂ 2014ರ ಸುಮಾರಿಗೆ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಲಾಗಿತ್ತು. ಆಮೇಲೂ ಆನೆ ಬರುವುದು ತಪ್ಪಲಿಲ್ಲ. ಗುಂಪಿನಿಂದ ಯಾರನ್ನು ತೆಗೆದೆವು, ಉಳಿದವು ಯಾರಿಂದ ಕಲಿಯುತ್ತವೆ ಅನ್ನುವ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಿತ್ತು.

ಆಸ್ತಿಯಾಗಿ ಬರುವ ಫೈಲು

ಶೆಟ್ಟಿಹಳ್ಳಿ ಚರ್ಚ್ ಎಲ್ಲರಿಗೂ ಗೊತ್ತು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿದರೆ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಪೂರ್ತಿ ಕಾಣುತ್ತದೆ. ಪ್ರಿವೆಡ್ಡಿಂಗ್ ಫೋಟೊ ತೆಗೆಸುವವರಿಗೆ ಅದು ಒಳ್ಳೇ ಜಾಗ. ಅದರ ಸುತ್ತ ಊರಿತ್ತು, ಗದ್ದೆ ಇತ್ತು ಅನ್ನುವುದು ಫೋಟೊದಲ್ಲಿ ಬರಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. 37 ಟಿಎಂಸಿ ನೀರು ನಿಂತಿತು. ಹಾಸನಕ್ಕಷ್ಟೇ ಅಲ್ಲ, ಮಂಡ್ಯ, ತುಮಕೂರಿಗೂ ಕಾಲುವೆ ಹರಿಯಿತು. ಮುಳುಗಡೆಯಾದವರಿಗೆ ಬದಲಿ ಜಮೀನು ಕೊಡುವ ಕೆಲಸ ಮಾತ್ರ ದಶಕಗಟ್ಟಲೆ ಎಳೆಯಿತು. ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಅಂದರೆ ಜಿಲ್ಲೆಯಲ್ಲಿ ಜನರಿಗೆ ಮೊದಲು ನೆನಪಾಗುವುದು ನೀರಲ್ಲ, ಭೂಮಂಜೂರಾತಿಯ ತಕರಾರು. ನಕಲಿ ದಾಖಲೆ ಕೊಟ್ಟು ಬೇರೆಯವರು ಜಮೀನು ಹೊಡೆದರು ಎಂಬ ದೂರುಗಳು, ತನಿಖೆಗಳು ಅದರ ಬೆನ್ನಿಗೇ ಬಂದವು.

ಇದರಿಂದ ಒಂದು ಮನೆಯೊಳಗೆ ಏನಾಗುತ್ತದೆ? ಅಜ್ಜ ಊರು ಬಿಟ್ಟರು. ಅಪ್ಪ ಅಜ್ಜನ ಹೆಸರಿನ ಮುಳುಗಡೆ ಕಾಗದ ಹಿಡಿದು ಕಚೇರಿ ಅಲೆದರು. ಈಗ ಮೊಮ್ಮಗ ವಂಶವೃಕ್ಷ ಮಾಡಿಸಿ, ಅದೇ ಫೈಲಿಗೆ ಹೊಸ ಅರ್ಜಿ ಲಗತ್ತಿಸುತ್ತಾನೆ. ಒಂದೊಂದು ಸಲ ಕಚೇರಿಗೆ ಹೋದಾಗಲೂ “ನೀವು ಅಲ್ಲಿಯವರೇ ಅನ್ನೋಕೆ ಏನು ಗ್ಯಾರಂಟಿ” ಎಂಬ ಪ್ರಶ್ನೆ. ಇಂಥ ಮನೆಯ ಸಿಟ್ಟು, ನಂಬಿಕೆ ಇಲ್ಲದಿರುವಿಕೆ, ‘ನಮಗೆ ಯಾವುದೂ ಕೈಗೂಡಲ್ಲ’ ಅನ್ನುವ ಭಾವನೆ ಮೂರನೇ ತಲೆಮಾರಿಗೂ ಬಂದಿದ್ದರೆ ಅದನ್ನು ಹಳೇ ಆಘಾತದ ನೆರಳು ಅನ್ನುವುದು ಸರಿಯಲ್ಲ. ಆಘಾತ ಇನ್ನೂ ಮುಗಿದೇ ಇಲ್ಲ. 1979ರಲ್ಲಿ ಆದದ್ದು ಪ್ರತಿ ವಿಚಾರಣೆಯ ದಿನವೂ ಮತ್ತೆ ಆಗುತ್ತಿದೆ. ಜಾತಿಯ ಅವಮಾನಕ್ಕೂ ಇದೇ ಮಾತು ಹೊಂದುತ್ತದೆ. ಅಜ್ಜನನ್ನು ಹೊರಗೆ ನಿಲ್ಲಿಸಿದ ಬಾಗಿಲಲ್ಲೇ ಮೊಮ್ಮಗನನ್ನೂ ನಿಲ್ಲಿಸಿದರೆ ಅವನ ಮೀಥೈಲ್ ಹುಡುಕುವುದೇಕೆ?

ಪಕ್ಕದ ಚಿಕ್ಕಮಗಳೂರಿನಲ್ಲಿ ಇದಕ್ಕೆ ಬೇರೆ ಉದಾಹರಣೆ ಇದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗಿನ 400ಕ್ಕೂ ಹೆಚ್ಚು ಕುಟುಂಬಗಳನ್ನು 2000ದ ದಶಕದ ಆರಂಭದಲ್ಲಿ ಎಂ.ಸಿ. ಹಳ್ಳಿ, ಕೆಳಗೂರಿಗೆ ಸ್ಥಳಾಂತರಿಸಿದರು. ಅಲ್ಲಿಯೂ ಜನ ಊರು, ದೇವರು, ಮರ ಎಲ್ಲ ಬಿಟ್ಟೇ ಬಂದದ್ದು. ಮಾತುಕತೆ ವರ್ಷಾನುಗಟ್ಟಲೆ ನಡೆದಿತ್ತು. ಆದರೆ ಅವರು ಬರುವಾಗ ಸಾಗುವಳಿ ಜಮೀನು, ರಸ್ತೆ, ಶಾಲೆ, ಕರೆಂಟ್‌ನ ವ್ಯವಸ್ಥೆ ಬಹುಮಟ್ಟಿಗೆ ಕೈಗೆ ಸಿಕ್ಕಿತು. ದೇಶದ ಪುನರ್ವಸತಿಗಳಲ್ಲಿ ಸ್ವಲ್ಪ ಚೆನ್ನಾಗಿ ನಡೆದದ್ದು ಅಂತ ಸಂಶೋಧಕರು ಇದನ್ನು ಹೆಸರಿಸುತ್ತಾರೆ. ಎಲ್ಲರೂ ಸುಖವಾಗಿದ್ದಾರೆ ಅಂತ ಅರ್ಥವಲ್ಲ. ಹೇಮಾವತಿಯ ಮನೆಗಳಿಗೆ ಬಂದಂಥ ಫೈಲು ಇಲ್ಲಿಯ ಬಹಳಷ್ಟು ಮಕ್ಕಳ ಕೈಗೆ ಬರಲಿಲ್ಲ, ವ್ಯತ್ಯಾಸ ಅಷ್ಟು. ಅದು ಸಣ್ಣ ವ್ಯತ್ಯಾಸವಲ್ಲ.

ಜೀನ್ ಅಂದುಬಿಟ್ಟರೆ ಆಗುವ ಅನಾಹುತ

ಆಘಾತ ಜೀನ್‌ನಲ್ಲಿದೆ ಅಂತ ಹೇಳುವವರ ಉದ್ದೇಶ ಎಷ್ಟೋ ಸಲ ಒಳ್ಳೆಯದೇ. ‘ಇದು ನಿನ್ನ ತಪ್ಪಲ್ಲ, ನಿನ್ನ ಮೈಯಲ್ಲೇ ಬಂದದ್ದು’ ಅಂದರೆ ಕೆಲವರಿಗೆ ಸಮಾಧಾನ ಸಿಗುತ್ತದೆ. ಅನ್ಯಾಯ ಆಗಿದೆ ಅನ್ನುವುದಕ್ಕೆ ಮೈಯೇ ಸಾಕ್ಷಿ ಅನ್ನುವ ಬಲವೂ ಇದೆ.

ಆದರೆ ನಮ್ಮ ಊರುಗಳಲ್ಲಿ ಅದು ಹಾಗೆ ಕೆಲಸ ಮಾಡುವುದಿಲ್ಲ. ಇಲ್ಲಿ ವಂಶದ ಮಾತು ಬಂದ ಕೂಡಲೇ ಸಂಬಂಧ ಮುರಿಯುತ್ತದೆ. ಮುಳುಗಡೆಯಿಂದ ಬಂದವರು, ಆತ್ಮಹತ್ಯೆ ಆದ ಮನೆಯವರು, ಲೈನ್‌ನಲ್ಲಿ ಹುಟ್ಟಿದವರು ಅನ್ನುವ ಹಣೆಪಟ್ಟಿಗೆ ಜೀನ್ ಸೇರಿದರೆ ಅದನ್ನು ಕೀಳುವುದು ಇನ್ನೂ ಕಷ್ಟ. ಇನ್ನೊಂದು ಪರಿಣಾಮ ಕಚೇರಿಗಳಲ್ಲಿ. ತೊಂದರೆ ರಕ್ತದಲ್ಲಿದ್ದರೆ ಫೈಲು ಮುಗಿಸುವ ಆತುರ ಯಾರಿಗೂ ಬೇಕಿಲ್ಲ. ಮೂರನೆಯದು ವ್ಯಾಪಾರ. ಡಿಎನ್‌ಎ ನೋಡಿ ಪೂರ್ವಿಕರ ನೋವು ಹೇಳುತ್ತೇವೆ, ತೆಗೆಯುತ್ತೇವೆ ಅನ್ನುವವರು ಯಾವ ಊರಿಗಾದರೂ ಬರಬಹುದು. ಒಬ್ಬ ವ್ಯಕ್ತಿಯ ಡಿಎನ್‌ಎ ನೋಡಿ ಅವರ ಅಜ್ಜಿಗೆ ಏನಾಗಿತ್ತು ಅಂತ ಹೇಳುವ ಪರೀಕ್ಷೆ ಇಲ್ಲ. ದುಡ್ಡು ಕೊಡಬೇಡಿ.

ಸಿಗುವ ನೆರವು

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆ ಸಿಗದ ಅಮ್ಮನ ಖಿನ್ನತೆಯೇ ಮಗುವಿನ ಬಾಲ್ಯವಾಗುತ್ತದೆ. ತಲೆಮಾರಿನ ಸರಪಣಿ ಕಡಿಯಲು ಅತ್ಯಂತ ಸುಲಭದ ಜಾಗ ಇದು. ಬಾಣಂತಿಯರನ್ನು ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆ ತೂಕ, ರಕ್ತಹೀನತೆ ಕೇಳುವ ಜೊತೆಗೆ “ನಿದ್ದೆ ಬರ್ತಿದ್ಯಾ, ಅಳು ಬರ್ತಿದ್ಯಾ, ಮನೇಲಿ ಯಾರಾದ್ರೂ ಹೊಡೀತಾರಾ” ಅಂತ ಕೇಳಿದರೂ ದೊಡ್ಡ ಕೆಲಸ.

ಆಸ್ಪತ್ರೆಯಲ್ಲಿ ಮನೆತನದ ಕಾಯಿಲೆ ಕೇಳುವಾಗ ನಾವು ಬಿಪಿ, ಶುಗರ್ ಹೇಳಿ ಸುಮ್ಮನಾಗುತ್ತೇವೆ. ಮನೆಯಲ್ಲಿ ನಡೆದ ಆತ್ಮಹತ್ಯೆ, ಆನೆ ದಾಳಿ, ಊರು ಬಿಟ್ಟದ್ದು ಇವನ್ನೂ ಹೇಳಬೇಕು. ಮಗುವಿನ ಹೊಟ್ಟೆನೋವು, ನಿದ್ದೆಯಲ್ಲಿ ಬೆಚ್ಚುವುದಕ್ಕೆ ಡಾಕ್ಟರು ಕಾರಣ ಹುಡುಕುವಾಗ ಅದು ಸ್ಕ್ಯಾನಿಂಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದೆ. ಹೋಗುವ ಮೊದಲು ಆ ವಾರ ಬರುತ್ತಾರಾ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಕಾಯಿಲೆ ಇದ್ದವರೇ ಮಾಡಬೇಕಿಲ್ಲ, ಅವರ ಬಗ್ಗೆ ಚಿಂತೆಯಲ್ಲಿರುವ ಮನೆಯವರೂ ಮಾಡಬಹುದು.